ಕೊಳೆ ಕಾಣದ ಬಣ್ಣ

ಬೀದಿಯವರೆಲ್ಲ ದರ್ಜಿಯನ್ನು ಟೇಪಣ್ಣ ಎನ್ನುತ್ತಿದ್ದರು. ಮಲಗುವಾಗಲೂ ಅಳತೆಯ ಟೇಪು ಕೊರಳಲ್ಲೇ ಇರುತ್ತದೆಂದು ಅವನ ಹೆಂಡತಿಯೇ ಹಬ್ಬಿಸಿದ ಸುದ್ದಿ. ಕೈ ಎಷ್ಟು ಪಳಗಿತ್ತೋ ಬಾಯಿಯೂ ಅಷ್ಟೇ ಪಳಗಿತ್ತು. ಕಾರಿನಿಂದ ಇಳಿದವರಿಗೆ ಬಿಳಿ ಬಟ್ಟೆಯ ಥಾನು ಬಿಚ್ಚಿ, "ನಿಮ್ಮಂಥ ದೊಡ್ಡೋರಿಗೆ ಇದೇ ಒಪ್ಪೋದು" ಎನ್ನುವನು. ನಡೆದು ಬಂದವರ ಮುಂದೆ ಮಣ್ಣುಬಣ್ಣದ್ದು ಬರುತ್ತಿತ್ತು. "ಕೊಳೆ ಕಾಣಲ್ಲ, ತಗೋ. ನಮ್ಮಂಥೋರಿಗೆ ಇಷ್ಟು ಸಾಕು." ಎರಡಕ್ಕೂ ಬೆಲೆ ಒಂದೇ ಎಂಬುದು ಆ ಪುಣ್ಯಾತ್ಮನ ತಲೆಗೆ ಎಂದೂ ಹೊಳೆದಿರಲಿಲ್ಲ.

ಮಗಳು ಬೆಳೆದದ್ದು ಆ ಅಂಗಡಿಯಲ್ಲೇ, ಅಂಗಿಗಳಿಗೆ ಕಾಜಾ ಹಾಕುತ್ತಾ. ಓದಿನಲ್ಲಿ ಎತ್ತಿದ ಕೈ. ಅವಳು ಡಾಕ್ಟರಾಗಬೇಕೆಂಬ ಆಸೆ ಅಪ್ಪನಿಗೆ ಬೆಟ್ಟದಷ್ಟಿತ್ತು, ಆದರೆ ಜನ ನಕ್ಕಾರೆಂದು ಯಾರೆದುರೂ ಬಾಯಿಬಿಟ್ಟಿರಲಿಲ್ಲ.

ಒಂದು ಮಧ್ಯಾಹ್ನ, ಮಗಳು ದಾರ ತರಲು ಹೋಗಿದ್ದಾಗ, ಅವಳ ಟೀಚರು ರವಿಕೆ ಸಡಿಲ ಮಾಡಿಸಲು ಬಂದರು.

"ದೊಡ್ಡ ಕಾಲೇಜಿನವರು ನಿಮ್ಮ ಮಗಳಿಗೆ ಪುಕ್ಕಟೆ ಸೀಟು ಕೊಡ್ತೀವಿ ಅಂದ್ರು. ಯಾಕೆ ಬೇಡ ಅಂದ್ರಿ?"

"ನಾನಾ? ನನಗೆ ಗೊತ್ತೇ ಇಲ್ಲವಲ್ಲ ಟೀಚರಮ್ಮ."

"ಅರ್ಜಿ ವಾಪಸ್ ಕೊಟ್ಟು, ಇದು ದೊಡ್ಡೋರ ಮಕ್ಕಳಿಗೆ, ನಮ್ಮಂಥೋರಿಗಲ್ಲ ಅಂದ್ಲು. ನೀವೇ ಹೇಳಿ ಕಳಿಸಿರಬೇಕು ಅಂದ್ಕೊಂಡೆ. ಹೋದ ವಾರ ಆ ಸೀಟು ಬೇರೆಯವರಿಗೆ ಕೊಟ್ಟುಬಿಟ್ರು."

ಮಾತು ಅವನದೇ. ಸಾವಿರ ಸಲ ಆಡಿದ್ದ, ಮಗಳಿಗೆಂದು ಒಂದು ಸಲವೂ ಅಲ್ಲ. ಬೆಳೆಯುವ ಮಗುವೆಂದು ಅವಳ ಪ್ರತಿ ಫ್ರಾಕಿನ ಅಂಚಿಗೂ ನಾಲ್ಕು ಬೆರಳು ಬಟ್ಟೆ ಹೆಚ್ಚಿಗೆ ಮಡಚಿಟ್ಟು ಹೊಲಿದವನು, ಬಾಯಿಗೆ ಮಾತ್ರ ಕಡಿವಾಣ ಹಾಕಿಕೊಂಡಿರಲಿಲ್ಲ.

ಟೀಚರು ಹೋದರು, ಮಗಳು ಬಂದಳು. ಅವಳಿಗೆ ಹೇಗೆ ಹೇಳುವುದೆಂದು ಅವನು ತಡಕಾಡುತ್ತಿರುವಾಗಲೇ ಬೀದಿ ಗುಡಿಸುವವಳು ತನ್ನ ಪುಟ್ಟ ಮಗುವಿನ ಕೈಹಿಡಿದು ಒಳಗೆ ಬಂದಳು. ಮಗು ಬಿಳಿ ಬಟ್ಟೆಯತ್ತ ಬೆರಳು ತೋರಿಸಿತು. ಟೇಪಣ್ಣನ ಮಗಳು ನಗುನಗುತ್ತಲೇ ಮಣ್ಣುಬಣ್ಣದ ಥಾನು ಎಳೆದಳು.

"ಇದು ತಗೊಳ್ಳಿ ಅಕ್ಕಾ. ಕೊಳೆ ಕಾಣಲ್ಲ."

"ಬಿಳೀದು ಬಿಚ್ಚಮ್ಮ," ಎಂದ ಟೇಪಣ್ಣ. "ಮಗೂಗೆ ಅದೇ ಚೆನ್ನಾಗಿರುತ್ತೆ."

ಗುಡಿಸುವವಳು ಗಾಬರಿಯಿಂದ ತಲೆಯಾಡಿಸಿದಳು.

"ಬೇಡಣ್ಣ. ಅದೆಲ್ಲ ದೊಡ್ಡೋರಿಗೆ. ಹೋದ ಸಲ ನೀವೇ ಹೇಳಿದ್ರಲ್ಲ."

ಮಗು ಚಾಚಿದ್ದ ಬೆರಳನ್ನು ಮಡಚಿಕೊಂಡಿತು.