ದೌಲತರಾಯರ ಮೀನಿನ ಕಣ್ಣು
ಅಫಜಲಪುರದ ಬಟ್ಟೆ ಅಂಗಡಿಯ ದೌಲತರಾಯರು ಈಗ ಬಟ್ಟೆಗಿಂತ ಗಾಜಿನ ತೊಟ್ಟಿಯ ಉಪ್ಪುನೀರು ಅಳೆಯುವುದೇ ಹೆಚ್ಚು. ಸೊಲ್ಲಾಪುರದಿಂದ ಹೋದ ವಾರ ತಂದ ಹಳದಿ ಸಮುದ್ರಮೀನಿನ ಬಲಗಣ್ಣು ಊದಿ ಮಂಜಾಗಿದೆ. ಅಂದಿನಿಂದ ಅಂಗಡಿಯಲ್ಲಿ ಯಾರೂ ಗಟ್ಟಿಯಾಗಿ ಕೆಮ್ಮುವಂತಿಲ್ಲ. ಸೀರೆ ಕೇಳಿ ಬಂದವರಿಗೂ ಮೊದಲು ಆ ಮೀನನ್ನು ಬೇರೆ ಇಟ್ಟ ಸಣ್ಣ ತೊಟ್ಟಿ ತೋರಿಸುತ್ತಾರೆ: "ಇದು ಅದರ ದವಾಖಾನಿರಿ! ತರೋವಾಗ ಕಣ್ಣಿಗೆ ಪೆಟ್ಟಾಗ್ಯಾದ. ಇದೊಂದನ್ನೇ ಇಟ್ಟು, ನೀರು ಸ್ವಚ್ಛ ಇಟ್ರ ಆರಾಮ ಆಗ್ತದರಿ." ಗಾಣಗಾಪುರಕ್ಕೆ ಹೋಗಿಬಂದ ಗಿರಾಕಿ ತೊಟ್ಟಿಗೆ ತೀರ್ಥ ಹಾಕಹೋದರೆ ತಮ್ಮ ಅಂಗೈಯನ್ನೇ ಅಡ್ಡ ಒಡ್ಡುತ್ತಾರೆ: "ಅದಕ್ಕ ಬ್ಯಾಡ್ರಿ, ನನಗ ಕೊಡ್ರಿ!" ಗಂಟೆಗೊಮ್ಮೆ ಭೂತಗನ್ನಡಿ ಹಿಡಿದು ನೋಡುತ್ತಾರೆ. ಇವತ್ತಂತೂ ಗಿರಾಕಿಯ ಕೈಯಲ್ಲಿ ಸೀರೆಯ ತುದಿ ಬಿಟ್ಟು ಬೀದಿಗೇ ಓಡಿ, ಎದುರಂಗಡಿಯ ಸಂಜುಕುಮಾರನನ್ನು ಕೂಗಿದರು: "ಲೇ ಸಂಜು, ಬಾವು ಇಳದದ ಲೇ! ಲಗೂನ ಬಾ!" ಆದರೂ ಮೀನಿಗೆ ತಿನಿಸನ್ನು ಅದರ ಎಡಗಡೆಗೇ, ಕಣ್ಣು ಕಾಣುವ ಕಡೆಗೇ, ಬಿಡುತ್ತಾರೆ. ಇದನ್ನು ಯಾರು ಕಲಿಸಿದರೆಂದು ಅಂಗಡಿಯಲ್ಲಿ ಕೂತು ನೋಡುತ್ತಿದ್ದ ನಾನು ಕೇಳಿದೆ. "ಊಟಕ್ಕ ಮನಿಗೆ ಬರ್ರಿ" ಎಂದರು. ಮನೆಯಲ್ಲಿ ಅವರ ತಾಯಿ ಗುರಮ್ಮನ ಬಲಗಣ್ಣು ಎಂದೋ ಹೋಗಿದೆ. ರಾಯರು ರೊಟ್ಟಿ, ಪಲ್ಯ, ಶೇಂಗಾ ಹಿಂಡಿ ಎಲ್ಲವನ್ನೂ ಆಕೆಯ ತಟ್ಟೆಯ ಎಡಗಡೆಗೇ ಬಡಿಸಿ, ತಾವೂ ಆಕೆಯ ಎಡಕ್ಕೇ ಕೂತರು.