ಕೋರ್ಟಿಗೆ ಹೋಗದ ವಕೀಲನ ಹೆಣ್ಣು ನೋಡುವ ಶಾಸ್ತ್ರ

ಲಾ ಓದಿಯೂ ಕೋರ್ಟಿಗೆ ಹೋಗದ ಪ್ರಾಣಿಯನ್ನು ಆಗಿನ ಶಿವಮೊಗ್ಗದವರು ನೋಡಿರಲಿಲ್ಲ. ನಾನು ಪುಣೆಯಲ್ಲಿ ಓದು ಮುಗಿಸಿ ಅಲ್ಲೇ ಕಾನೂನಿನ ಮೇಷ್ಟ್ರಾಗಿದ್ದೆ. ರಾಜ್ಯಾಂಗ ಮತ್ತು ಕಾನೂನಿನ ಇತಿಹಾಸ ನನ್ನ ಪಾಠ. ರಜಕ್ಕೆ ಊರಿಗೆ ಬಂದರೆ ಬೀದಿಯವರು ಅಮ್ಮನನ್ನು ಅಯ್ಯೋ ಪಾಪ ಎಂಬಂತೆ ಮಾತಾಡಿಸುತ್ತಿದ್ದರು. ನನಗೆ ಉಗ್ಗು ಇದೆಯೆಂದು ಕೆಲವರು, ಜಡ್ಜಿಯನ್ನು ಕಂಡರೆ ತಲೆ ಸುತ್ತುತ್ತದೆಂದು ಕೆಲವರು. ಉಗ್ಗಿಲ್ಲವೆಂದು ರುಜುವಾತು ಮಾಡಲು ಅಮ್ಮ ನನ್ನನ್ನು ಜಗಲಿಯಲ್ಲಿ ಕೂರಿಸಿ ಹಾಲಿನವಳಿಂದ ಹಿಡಿದು ಎಲ್ಲರ ಜೊತೆಗೂ ಮಾತಾಡಿಸುತ್ತಿದ್ದಳು. ಆದರೂ ಬಂದ ಸಂಬಂಧಗಳೆಲ್ಲ ತಪ್ಪಿಹೋದವು. ನನಗೇನೂ ಬೇಸರವಾಗಲಿಲ್ಲ.

ಕೊನೆಗೆ ಬಂದದ್ದು ಭದ್ರಾವತಿಯ ಸಂಬಂಧ. ಹುಡುಗಿಯ ತಂದೆ ಅಲ್ಲಿ ಮಹಾರಾಜರ ಸರ್ಕಾರದ ಕಬ್ಬಿಣದ ಕಾರ್ಖಾನೆಯಲ್ಲಿ ಫೋರ್‌ಮನ್. ಅಮ್ಮನೂ ನಾನೂ ರೈಲಿನಲ್ಲಿ ಹೋದೆವು. ಹುಡುಗಿ ಉಪ್ಪಿಟ್ಟಿನ ತಟ್ಟೆ ಇಟ್ಟು, ತಲೆ ತಗ್ಗಿಸುವ ಬದಲು ನನ್ನನ್ನು ನೆಟ್ಟಗೆ ನೋಡಿ ಒಳಗೆ ಹೋದಳು. ನನ್ನ ಕಥೆ ಅಲ್ಲಿಗೇ ಮುಗಿಯಿತು. ಇದೊಂದು ತಪ್ಪದಿರಲಪ್ಪಾ ಎಂದು ಮನಸ್ಸಿನಲ್ಲೇ ಕೈಮುಗಿದೆ.

“ಏನು ಪಾಠ ಹೇಳ್ತೀರಿ?” ಎಂದರು ತಂದೆ.

“ರಾಜನೂ ಕಾನೂನಿಗೆ ತಲೆ ಬಾಗ್ಬೇಕು ಅನ್ನೋದು ಹೇಗೆ ಬಂತು ಅಂತ.”

ಅವರು ಎದ್ದುಹೋಗಿ ಬೀದಿ ಬಾಗಿಲು ಹಾಕಿ ಬಂದರು. “ಮೆಲ್ಲಗೆ ಹೇಳಿ ಮಾರಾಯ್ರೆ. ನಾವು ಮಹಾರಾಜ್ರ ಅನ್ನ ತಿನ್ನೋರು.”

ಆಮೇಲೆ ಷರತ್ತು ಹಾಕಿದರು. “ಈ ಪಾಠ ಗೀಠ ಬಿಟ್ಟು ಶಿವಮೊಗ್ಗದಲ್ಲೇ ಪ್ರಾಕ್ಟೀಸ್ ಮಾಡೋದಾದ್ರೆ ಹುಡುಗಿ ಕೊಡ್ತೀನಿ. ವಾದ ಮಾಡಕ್ಕೆ ಬರತ್ತೋ ಇಲ್ವೋ, ಈಗ್ಲೇ ನೋಡ್ಬಿಡೋಣ.”

ಪಕ್ಕದ ಮನೆಯವರನ್ನು ಕರೆಸಿದರು. ಇವರ ಸೂರಿನ ನೀರು ಅವರ ಅಂಗಳಕ್ಕೆ ಬೀಳುತ್ತದೆಂದು ಇಬ್ಬರಿಗೂ ಹಳೆಯ ಜಗಳ. ನಾನು ಎದ್ದು ನಿಂತು, ತಲೆಮಾರಿನಿಂದ ಬೀಳುತ್ತಿರುವ ನೀರಿಗೆ ಬೀಳುವ ಹಕ್ಕು ಹೇಗೆ ಬಂತೆಂದು ವಿವರಿಸಿದೆ. ಹುಡುಗಿಯ ತಂದೆ ತೊಡೆ ತಟ್ಟಿ, “ಕೇಳಿದ್ಯೇನಯ್ಯಾ?” ಎಂದು ನೆರೆಯವರನ್ನು ಕೆಣಕಿದರು.

ಬುದ್ಧಿಯಿದ್ದವನು ಅಲ್ಲಿಗೆ ಕೂರುತ್ತಿದ್ದ. ಆದರೆ ಒಂದು ಕಡೆಯ ವಾದ ಹೇಳಿ ಕ್ಲಾಸು ಮುಗಿಸುವ ಮೇಷ್ಟ್ರುಂಟೇ? ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ. ಕಿಟಕಿಯಾಚೆ ಹೊಸ ತಗಡು ಹೊಳೆಯುತ್ತಿತ್ತು. ಇವರು ಈಚೆಗೆ ಹೆಂಚು ತೆಗೆದು ತಗಡು ಹಾಕಿ ಸೂರನ್ನು ಮುಂದಕ್ಕೆ ಚಾಚಿದ್ದರಿಂದ ಹಳೆಯ ಹಕ್ಕು ಉಳಿದಿದೆಯೇ ಎಂದು ಶುರುಮಾಡಿದೆ. ನೆರೆಯವರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

“ನೀವು ಯಾರ ಕಡೆ ಮಾರಾಯ್ರೆ?” ತಂದೆಗೆ ರೇಗಿತು.

“ಇಬ್ರ ಕಡೇನೂ.”

“ಹಾಗಾದ್ರೆ ಗೆದ್ದೋರು ಯಾರು?” ಎಂದರು ನೆರೆಯವರು.

“ಕ್ಲಾಸಲ್ಲಿ ಅದನ್ನ ಹುಡುಗ್ರಿಗೇ ಯೋಚ್ನೆ ಮಾಡಕ್ಕೆ ಬಿಡ್ತೀವಿ.”

ಅಷ್ಟು ವರ್ಷ ಒಂದು ಮಾತಿಗೂ ಒಪ್ಪದಿದ್ದ ಆ ಇಬ್ಬರೂ, ನಾನು ಕೆಲಸಕ್ಕೆ ಬಾರದವನೆಂದು ತಕ್ಷಣ ಒಪ್ಪಿದರು. ಅಮ್ಮ ಕೈಚೀಲ ಎತ್ತಿಕೊಂಡಳು. ನನಗೆ ಅಳು ಬರುವುದೊಂದು ಬಾಕಿ.

ಆಗ ಹುಡುಗಿ ನಡುಮನೆಯ ಬಾಗಿಲಿಗೆ ಬಂದು ನಿಂತಳು. ನನ್ನನ್ನೇ ಕೇಳಿದಳು: “ಮುಂದೆ ನಮ್ಮಿಬ್ರಿಗೆ ಜಗಳ ಆದ್ರೆ, ನನ್ ಕಡೆ ಮಾತೂ ಹೀಗೇ ಪೂರ್ತಿ ಹೇಳ್ತೀರಾ?”

“ಮೊದ್ಲು ನಿಮ್ಮ ಕಡೇದೇ ಹೇಳ್ತೀನಿ” ಎಂದೆ. ಆಗಲೂ ಉಗ್ಗಲಿಲ್ಲ, ಪುಣ್ಯ.

ಅವಳು ತಂದೆಯ ಕಡೆ ತಿರುಗಿದಳು. “ಅಪ್ಪಾ, ನಂಗೆ ಒಪ್ಪಿಗೆ. ಅವ್ರು ಪಾಠಾನೇ ಹೇಳ್ಲಿ. ನಾನೂ ಪುಣೆಗೆ ಹೋಗ್ತೀನಿ.”

ಈಗ ಬೈಗುಳ ಬರುತ್ತದೆಂದು ನಾವೆಲ್ಲ ಕಾದೆವು. ತಂದೆ ತಗಡಿನ ಸೂರಿನ ಕಡೆಗೆ ಮುಖ ತಿರುಗಿಸಿದರು. ಆಮೇಲೆ ಹೇಳಿದರು: “ಶಿವಮೊಗ್ಗ ಆಗಿದ್ರೆ ಬೆಳಿಗ್ಗೆ ಬಂದು ನೋಡ್ಕೊಂಡು ಸಂಜೆಗೆ ವಾಪಸ್ ಬರ್ತಿದ್ದೆ. ಪುಣೆ ಬಹಳ ದೂರ ಕಣಮ್ಮಾ.”

ಆ ಮಾತಿಗೆ ನನ್ನಲ್ಲಿ ಎದುರುವಾದ ಇರಲಿಲ್ಲ. ಮದುವೆಯಾಗಿ ಅವಳನ್ನು ಕರೆದುಕೊಂಡು ಪುಣೆಯ ದಾರಿ ಹಿಡಿದ ದಿನವೂ ಅದು ಸಿಕ್ಕಿರಲಿಲ್ಲ.