ಮನೆಯೊಡತಿಯ ಒಂಬತ್ತು ಮನೆಯ ಆಟ

ಕೆಟ್ಟುಹೋದ ಟಾರ್ಚ್ ಬಿಚ್ಚಿದೆ. ಒಳಗಿನ ಸೆಲ್ಲು ಸೋರಿ, ಬಿಳಿ ಪುಡಿ ಕಟ್ಟಿ, ಕಿಲುಬಿನ ಹುಳಿ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಮಾನ್ವಿ ಊರಿನ ನನ್ನ ಬಾಡಿಗೆ ಮನೆಯೊಡತಿ ನೆನಪಾದರು... ಅಂಗಳದ ಬಿಸಿಲಿಗೆ ಸೆಲ್ಲು ಒಣಹಾಕಿ, "ಇನ್ನೊಂದೀಟು ಜೀವ ಬರ್ತದ ತಡೀರಿ" ಎನ್ನುತ್ತಿದ್ದವರು.

ಎಂಬತ್ತರ ದಶಕದ ನಡುವಿನ ಮಾತು. ಹೊಸದಾಗಿ ಟೀಚರಾಗಿ ಬಂದು ಅವರ ಮನೆಯ ಒಂದು ಕೋಣೆಯಲ್ಲಿ ಬಾಡಿಗೆಗಿದ್ದೆ. ಅದೇ ಅಂಗಳದ ಆಚೆ ಬದಿಗೆ ಅವರ ನಾದಿನಿಯ ಸಂಸಾರ. ಇಬ್ಬರಿಗೂ ಮಾತಿರಲಿಲ್ಲ. ನಾದಿನಿ ತನ್ನ ಮಗಳನ್ನು ಇವರ ಮಗನಿಗೆ ಕೊಡದೆ ದೇವದುರ್ಗದ ಕಡೆ ಕೊಟ್ಟಿದ್ದೇ ಕಾರಣ. ಮದುವೆಗೂ ಇವರು ಹೋಗಿರಲಿಲ್ಲವಂತೆ.

ಆ ಮಗ ಬೊಂಬಾಯಿಯಲ್ಲಿ ಕೆಲಸಕ್ಕಿದ್ದ. ಒಮ್ಮೆ ರಜೆಗೆ ಬಂದಾಗ ಸೆಲ್ಲು ಹಾಕಿ ಆಡುವ ಅಂಗೈಯಗಲದ ವಿಡಿಯೋ ಗೇಮ್ ತಂದ. ಬೂದು ಪರದೆಯ ಮೇಲೆ ಒಂಬತ್ತು ಮನೆಗಳು. ಒಂದನ್ನು ಒತ್ತಿದರೆ ಅದು ಕಪ್ಪಾಗುತ್ತಿತ್ತು; ಆದರೆ ಅಕ್ಕಪಕ್ಕದವೂ ಬದಲಾಗುತ್ತಿದ್ದವು, ಕಪ್ಪಿದ್ದದ್ದು ಬಿಳಿ, ಬಿಳಿಯದ್ದು ಕಪ್ಪು. ಒಂಬತ್ತನ್ನೂ ಕಪ್ಪು ಮಾಡಿದರೆ ಗೆದ್ದಂತೆ. ಅಷ್ಟೇ ಆಟ.

ಮಗ ಹೋದ, ಆಟ ಉಳಿಯಿತು. ಓದು ಬಾರದ ಮನೆಯೊಡತಿ ಅದಕ್ಕೆ ಸಿಕ್ಕಿಬಿದ್ದರು. ರೊಟ್ಟಿ ಸೀದವು, ಹಾಲು ಉಕ್ಕಿತು. "ಒಂದ್ ಮನಿ ಉಳೀತು ನೋಡ್ರಿ ಟೀಚರ್ರ! ಅದನ್ನ ಒತ್ತಿದ್ರ ಮತ್ತ ಮೂರು ಹೋಗ್ತಾವ!" ಎಂದು ಯಂತ್ರವನ್ನು ಬೈದು ಕೆಳಗಿಡುತ್ತಿದ್ದರು, ಸೆರಗಿಗೆ ಕೈ ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಎತ್ತಿಕೊಳ್ಳುತ್ತಿದ್ದರು.

ಒಂದು ಭಾನುವಾರ ಕಟ್ಟೆಯ ಮೇಲೆ ಹಾಗೆಯೇ ಒದ್ದಾಡುತ್ತಿದ್ದರು. ಎದುರು ಕಟ್ಟೆಯಲ್ಲಿ ಜೋಳ ಹಸನು ಮಾಡುತ್ತಿದ್ದ ನಾದಿನಿ ತಡೆಯಲಾರದೆ ನನ್ನತ್ತ ತಿರುಗಿದರು. "ಟೀಚರ್ರ, ನಡುವಿಂದು ಒತ್ತಂತ ಹೇಳ್ರಿ ಆಕಿಗೆ."

ಮನೆಯೊಡತಿಯೂ ನನ್ನನ್ನೇ ನೋಡಿದರು. "ಅಷ್ಟ್ ಶಾಣೇಕಿ ಇದ್ರ ಬಂದು ಒತ್ತಂತ ಹೇಳ್ರಿ."

ನಾನು ಬಾಯಿ ಬಿಡುವ ಮೊದಲೇ ನಾದಿನಿ ಮೊರ ಬದಿಗಿಟ್ಟು ಎದ್ದು ಬಂದರು! ಪಕ್ಕದಲ್ಲಿ ಕೂತು ಒತ್ತಿದರು. ಆರು ಮನೆ ಕಪ್ಪಾದವು, ಏಳಾದವು... ಇನ್ನೇನು ಎನ್ನುವಾಗ ಅರ್ಧ ಮತ್ತೆ ಬಿಳುಪಾಯಿತು.

"ಥೂ, ಹಾಳಾದ್ದು!" ಇಬ್ಬರ ಬಾಯಿಂದಲೂ ಒಟ್ಟಿಗೇ ಬಂತು. ಮುಖ ಮುಖ ನೋಡಿಕೊಂಡರು. ಮೊದಲು ನಕ್ಕವರು ಯಾರೋ ನೆನಪಿಲ್ಲ.

"ನಿನ್ನಿಂದ ಆಗಂಗಿಲ್ಲ ವೈನಿ, ಕೊಡ ಇಲ್ಲೆ" ಎಂದರು ನಾದಿನಿ. ಅತ್ತಿಗೆಯನ್ನು ಹಾಗೆ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆಮೇಲೆ ದಿನವೂ ಅದೇ ಜಗಳ, ಅದೇ ಚಹಾ. ಒಂದು ದಿನ ನಾನು ಶಾಲೆಯಲ್ಲಿದ್ದಾಗ ಆಟ ಗೆದ್ದೆವೆಂದು ಇಬ್ಬರೂ ಆಣೆ ಮಾಡಿದರು. ಹೇಗೆಂದು ಕೇಳಿದರೆ ಇಬ್ಬರಿಗೂ ಗೊತ್ತಿಲ್ಲ! ನನ್ನೆದುರು ಒಮ್ಮೆಯೂ ಆಗಲಿಲ್ಲ. ದೇವದುರ್ಗದಿಂದ ಮಗಳು ಬಾಣಂತನಕ್ಕೆ ಬಂದಳು. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ನಾದಿನಿ ನೆರೆದವರನ್ನು ಬಿಟ್ಟು ಅತ್ತಿಗೆಯನ್ನೇ ಕೂಗಿದರು. "ನೀನ ಹಾಕ್ಬೇಕು, ಬಾ." ಮಗುವನ್ನೆತ್ತಿಕೊಂಡ ಮನೆಯೊಡತಿ ಬಹಳ ಹೊತ್ತು ಕೆಳಗಿಡಲೇ ಇಲ್ಲ...

ನನಗೆ ರಾಯಚೂರಿಗೆ ವರ್ಗವಾಯಿತು. ವರ್ಷಗಳ ಮೇಲೆ ಹೋದಾಗ ಮನೆಯೊಡತಿ ಇರಲಿಲ್ಲ. "ಈಗ ಯಾರ್ನ ಬೈಲ್ರಿ ನಾ?" ಎಂದಿದ್ದರು ನಾದಿನಿ. ಈಗ ಅವರೂ ಇಲ್ಲ.

ಅಂಥದೇ ಆಟ ಈಗ ನನ್ನ ಫೋನಿನಲ್ಲಿದೆ. ಅದೇ ಸಿಟ್ಟು, ಅದೇ ಬಿಡಲಾಗದ ಚಟ. ಇವತ್ತು ಮಧ್ಯಾಹ್ನ ಎಲ್ಲ ಮನೆಗಳೂ ಕಪ್ಪಾದವು. "ಬರ್ರಿ, ಬರ್ರಿ, ಆತು ನೋಡ್ರಿ!" ಎಂದು ಕೂಗಿಬಿಟ್ಟೆ. ಒಳಗಿನಿಂದ ಗಂಡ ಬಂದು, "ಯಾರನ್ನ ಕರಿಯಾಕತ್ತಿ?" ಎಂದರು.

ಸರಿದು ಜಾಗ ಮಾಡಿ, "ಕೂಡ್ರಿ ಇಲ್ಲೆ" ಎಂದೆ.